ಹಂಚಿನ ಮಾಡಿಗೆ ಕಿಡಿ ಬೀಳುವ ಮೊದಲು: ರಾಷ್ಟ್ರೀಯ ಉದ್ಯಾನದೊಳಗಿನ ಕಟ್ಟಡಗಳ ಬೆಂಕಿ ಕಾವಲು

ಕಾರ್ಕಳದಿಂದ ಕುದುರೆಮುಖ ರಾಷ್ಟ್ರೀಯ ಉದ್ಯಾನದ ನಡುವಿನ ಕುದುರೆಮುಖ ಪಟ್ಟಣಕ್ಕೆ ಸುಮಾರು 50 ಕಿ.ಮೀ. ಬಜಗೋಳಿ, ಮಾಳ ದಾಟಿ, ಘಾಟಿ ಹತ್ತಿ, ಎಸ್.ಕೆ. ಬಾರ್ಡರ್ ಚೆಕ್‌ಪೋಸ್ಟ್ ಕಳೆದು ನೀರು ತುಂಬಿದ ಅಗ್ನಿಶಾಮಕ ವಾಹನ ಬರಬೇಕಾದರೆ ಒಂದು ಗಂಟೆ ಮೇಲೆಯೇ ಹಿಡಿಯುತ್ತದೆ. ಬಂದರೂ ಅರಣ್ಯ ಇಲಾಖೆಯ ಕಾವಲು ಕ್ಯಾಂಪಿನ ಜೀಪು ದಾರಿಗೆ ಅದು ಇಳಿಯುವುದಿಲ್ಲ. ಅತ್ತ, ಒಣಗಿದ ಪಕ್ಕಾಸು (ಓರೆಯಾಗಿ ಕೂರಿಸಿದ ತೊಲೆ), ರೀಪುಗಳ (ಹಂಚು ಕೂರುವ ಮರದ ಪಟ್ಟಿ) ಹಂಚಿನ ಮಾಡು, ಅಂದರೆ ಚಾವಣಿ, ಒಮ್ಮೆ ಸರಿಯಾಗಿ ಹತ್ತಿಕೊಂಡರೆ ಅರ್ಧ ಗಂಟೆಯೊಳಗೆ ಕುಸಿಯತೊಡಗಬಹುದು. ಹಾಗಾಗಿ ಉದ್ಯಾನದೊಳಗಿನ ಕಟ್ಟಡದ ಬೆಂಕಿ ಆರಿಸುವವರು ಆ ಹೊತ್ತಿಗೆ ಅಲ್ಲಿ ಇದ್ದವರೇ. ಠಾಣೆಯ ವಾಹನ ಬರುವ ಹೊತ್ತಿಗೆ ಉಳಿಸಲು ಬಾಕಿ ಇರುವುದು ಪಕ್ಕದ ಕಟ್ಟಡ ಮತ್ತು ಪಕ್ಕದ ಕಾಡು.

ಅಮೆರಿಕದ ರಾಷ್ಟ್ರೀಯ ಉದ್ಯಾನ ಸೇವೆಯಲ್ಲಿ ಕಾಡಿನ ಬೆಂಕಿಯನ್ನು ನೋಡಿಕೊಳ್ಳುವವರು ಬೇರೆ, ಕಟ್ಟಡಗಳ ಬೆಂಕಿಯನ್ನು ನೋಡಿಕೊಳ್ಳುವವರು ಬೇರೆ. 1988ರಲ್ಲಿ ಯೆಲ್ಲೋಸ್ಟೋನ್ ಹೊತ್ತಿ ಉರಿದಾಗ ಮರದ ದಿಮ್ಮಿಗಳಿಂದಲೇ ಕಟ್ಟಿದ ಓಲ್ಡ್ ಫೇತ್‌ಫುಲ್ ಇನ್ ಉಳಿದುಕೊಂಡದ್ದು ಮಾಡಿಗೆ ನೀರು ಹರಿಸುವ ವ್ಯವಸ್ಥೆ ಮೊದಲೇ ಇದ್ದದ್ದರಿಂದ ಮತ್ತು ಕಿಡಿ ಬಿದ್ದಲ್ಲೆಲ್ಲ ಆರಿಸಲು ಜನ ನಿಂತಿದ್ದರಿಂದ. ನಮ್ಮಲ್ಲಿ ಈ ಕೆಲಸ ಹರಿದು ಹಂಚಿಹೋಗಿದೆ: ವೈರಿಂಗ್ ಗುತ್ತಿಗೆದಾರನದು, ಸಿಲಿಂಡರ್ ಅಡುಗೆಯವನದು, ಬೆಂಕಿ ರೇಖೆ ಗಾರ್ಡಿನದು, ಗೋಡೆಯ ಕೆಂಪು ಬಾಟಲಿ (ಬೆಂಕಿ ನಂದಿಸುವ ಸಾಧನ) ಯಾರದೂ ಅಲ್ಲ. ಇದನ್ನೆಲ್ಲ ಒಬ್ಬರ ಕೈಗೆ ತರುವುದೇ ಮೊದಲ ಕೆಲಸ. ಆ ಒಬ್ಬರಿಗೆ ನಾಗಪುರದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜಿನ ಸಬ್ ಆಫೀಸರ್ ಕೋರ್ಸ್ ಆಗಿದ್ದರೆ, ಅಥವಾ ಬೆಂಗಳೂರಿನ ಆರ್.ಎ. ಮುಂಡ್ಕೂರ್ ಅಕಾಡೆಮಿಯಲ್ಲಿ (ಹೆಸರಿನಲ್ಲೇ ನಮ್ಮ ಕಾರ್ಕಳ ತಾಲೂಕಿನ ಊರಿದೆ) ತರಬೇತಿ ಆಗಿದ್ದರೆ ಒಳ್ಳೆಯದು. ಆದರೆ ವೈರಿಂಗ್ ಓದಲು ಬರುವ, ಮಾಡು ಹತ್ತಲು ಹೆದರದ, ಪುಸ್ತಕ ಬರೆದಿಡುವ ಅಭ್ಯಾಸ ಇರುವ ಮನುಷ್ಯ ಸಿಕ್ಕಿದರೆ ಅರ್ಧ ಕೆಲಸ ಆದಂತೆ.

ಮೊದಲು ಪುಸ್ತಕ, ಆಮೇಲೆ ಏಣಿ

ಪ್ರತಿ ಕಟ್ಟಡಕ್ಕೆ ಒಂದು ಪುಟ. ಗೋಡೆ ಯಾವುದು (ಮುರಕಲ್ಲೋ, ಹಲಗೆಯೋ, ತಗಡೋ), ಮಾಡು ಯಾವುದು, ರಾತ್ರಿ ಎಷ್ಟು ಜನ ಮಲಗುತ್ತಾರೆ, ಕರೆಂಟು ಮೆಸ್ಕಾಂ ಲೈನಿನದೋ ಸೋಲಾರೋ, ಗ್ಯಾಸ್ ಎಷ್ಟು, ಸೌದೆ ಒಲೆ ಇದೆಯೇ, ಏಪ್ರಿಲ್‌ನಲ್ಲೂ ನೀರಿರುವ ಜಾಗ ಎಷ್ಟು ದೂರ, ಅಲ್ಲಿಗೆ ಯಾವ ಗಾತ್ರದ ವಾಹನ ಹೋಗುತ್ತದೆ. ‘ಏಪ್ರಿಲ್‌ನಲ್ಲೂ’ ಎಂಬುದನ್ನು ಒತ್ತಿ ಹೇಳಬೇಕು. ಅಕ್ಟೋಬರಿನಲ್ಲಿ ಹೋಗಿ ನೋಡಿದರೆ ಕುದುರೆಮುಖದ ಎಲ್ಲ ತೋಡುಗಳಲ್ಲೂ ನೀರಿರುತ್ತದೆ.

ಆದ್ಯತೆ ಕೊಡುವಾಗ ಜನ ಮಲಗುವ ಕಟ್ಟಡ ಮೊದಲು, ವೈರ್‌ಲೆಸ್ ಮತ್ತು ದಾಖಲೆ ಇರುವುದು ಎರಡನೆಯದು, ಪೆಟ್ರೋಲ್, ಡೀಸೆಲ್ ಇಡುವ ಸ್ಟೋರು ಮೂರನೆಯದು. ಖಾಲಿ ಕಟ್ಟಡವನ್ನು ಮರೆಯಬಾರದು. 2005ರ ಕೊನೆಗೆ ಗಣಿಗಾರಿಕೆ ನಿಂತ ಮೇಲೆ ಕುದುರೆಮುಖ ಪಟ್ಟಣದಲ್ಲಿ ಜನರಿಲ್ಲದ ಮನೆಗಳು ಉಳಿದವು. ಬೀಗ ಹಾಕಿದ ಮನೆಯೊಳಗೆ ತರಗೆಲೆ ಸೇರುತ್ತದೆ, ಕಿಟಕಿ ಗಾಜು ಒಡೆದಿರುತ್ತದೆ, ಅಲ್ಲಿ ಹೊತ್ತಿದ್ದು ಪಕ್ಕದ ಮನೆಗೆ ಬಂದ ಮೇಲೆಯೇ ಗೊತ್ತಾಗುವುದು. ಇಂಥ ಕಟ್ಟಡದ ಕರೆಂಟನ್ನು ಒಳಗಿನ ಸ್ವಿಚ್ಚಿನಲ್ಲಿ ಆರಿಸಿದರೆ ಸಾಲದು, ಕಂಬದಲ್ಲೇ ಕಡಿತ ಮಾಡಿಸಬೇಕು.

ಏಣಿ ಹತ್ತುವ ಮೊದಲು ಅನುಮತಿಯ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ರಾಷ್ಟ್ರೀಯ ಉದ್ಯಾನದೊಳಗೆ ಗಿಡಮರ ಕಡಿಯುವುದನ್ನೂ ಅಪಾಯ ಆಗುವಂತೆ ಬೆಂಕಿ ಹಾಕುವುದನ್ನೂ ತಡೆಯುತ್ತದೆ. ಮನೆ ಪಕ್ಕದ ಮರ ಬೆಂಕಿಗೆ ದಾರಿ ಎಂದು ನೀವೇ ಕೊಡಲಿ ಎತ್ತುವ ಹಾಗಿಲ್ಲ. ಕಾರ್ಕಳದಲ್ಲಿರುವ ಕುದುರೆಮುಖ ವನ್ಯಜೀವಿ ವಿಭಾಗಕ್ಕೆ ನವೆಂಬರ್ ಒಳಗೆ ಬರೆದುಕೊಡಿ: ಯಾವ ಕಟ್ಟಡ, ಎಷ್ಟು ಮೀಟರ್, ಏನೇನು ತೆಗೆಯಬೇಕು, ಫೋಟೋ ಸಮೇತ. ಫೆಬ್ರವರಿಯಲ್ಲಿ ಕೇಳಿದರೆ ಅನುಮತಿ ಕೈಗೆ ಬರುವ ಹೊತ್ತಿಗೆ ಹುಲ್ಲೇ ಉರಿದುಹೋಗಿರುತ್ತದೆ.

ಮಾಡು

ಹೆಚ್ಚು ಹೊತ್ತು ಕೊಡಬೇಕಾದ ಜಾಗ ಇದು. ಕಾಡಿನ ಬೆಂಕಿಯಲ್ಲಿ ಮನೆಗಳು ಉರಿಯುವುದು ಹೆಚ್ಚಾಗಿ ಜ್ವಾಲೆ ಬಂದು ಗೋಡೆಗೆ ತಾಗಿ ಅಲ್ಲ. ಗಾಳಿಯಲ್ಲಿ ಹಾರಿ ಬಂದ ಕಿಡಿ, ಕೆಂಡ ಸಂದಿಯೊಳಗೆ ಕೂತು, ಬೆಂಕಿ ಮುಂದೆ ಹೋಗಿ ಎಷ್ಟೋ ಹೊತ್ತಿನ ಮೇಲೆ ಹೊತ್ತಿಸುತ್ತದೆ. ಕಿಡಿ ಹುಡುಕುವ ಸಂದಿಗೆ ಮಂಗಳೂರು ಹಂಚಿನ ಮಾಡಿನಷ್ಟು ಒಳ್ಳೆಯ ಜಾಗ ಬೇರೆ ಇಲ್ಲ.

ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದಾಗಿನಿಂದ ಈ ಹಂಚು ಘಾಟಿಯ ಮೇಲೂ ಕೆಳಗೂ ಹೊದ್ದುಕೊಂಡಿದೆ. ಹಂಚು ಸುಟ್ಟ ಮಣ್ಣು, ಅದಕ್ಕೆ ಬೆಂಕಿ ಹತ್ತುವುದಿಲ್ಲ. ಹಾಗೆಂದು ‘ಹಂಚಿನ ಮನೆಗೆ ಭಯ ಇಲ್ಲ’ ಎನ್ನುವವರು ಒಮ್ಮೆ ಅಟ್ಟ ಹತ್ತಿ ನೋಡಬೇಕು. ಹಂಚಿನ ಅಡಿಯಲ್ಲಿ ತೂರಿಬಂದ ತರಗೆಲೆ, ಅಳಿಲಿನ ಗೂಡು, ಇಲಿ ಕಚ್ಚಿ ತಂದಿಟ್ಟ ತೆಂಗಿನ ನಾರು, ಅಡುಗೆಕೋಣೆಯ ಮೇಲೆ ಜೋತುಬಿದ್ದ ಇಲ್ಲಣ. ಇಷ್ಟೂ ಒಣಗಿ ಪುಡಿ ಆಗಿರುತ್ತದೆ, ಅದರ ಕೆಳಗೆ ನೂರು ವರ್ಷದ ಒಣ ಮರ.

ಸಂದಿ ಹುಡುಕಲು ಸುಲಭ ವಿಧಾನ ಇದೆ. ಬಿಸಿಲು ನೆತ್ತಿಗೆ ಬಂದ ಹೊತ್ತಿಗೆ ಬಾಗಿಲು, ಕಿಟಕಿ ಎಲ್ಲ ಮುಚ್ಚಿ ಅಟ್ಟದಲ್ಲಿ ಕೂತುಕೊಳ್ಳಿ. ಕಣ್ಣು ಕತ್ತಲೆಗೆ ಹೊಂದಲು ಐದು ನಿಮಿಷ ಬಿಡಿ. ಬೆಳಕು ಬೀಳುವ ಕಡೆಯೆಲ್ಲ ರೀಪಿನ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ. ಸೂಜಿಮೊನೆಯಷ್ಟು ಬೆಳಕಿಗೆ ತಲೆಕೆಡಿಸಿಕೊಳ್ಳಬೇಡಿ. ಪೆನ್ಸಿಲಿನ ತುದಿ ಹೋಗುವಷ್ಟು ಇದ್ದರೆ ಮುಚ್ಚಲೇಬೇಕು. ಸಾಮಾನ್ಯವಾಗಿ ದೊಡ್ಡ ಸಂದಿ ಸಿಗುವುದು ಮೂರು ಕಡೆ: ನೆತ್ತಿಯ ಹಂಚಿನ ಗಾರೆ ಉದುರಿದಲ್ಲಿ, ಎರಡು ಮಾಡು ಸೇರುವ ಮೂಲೆಯಲ್ಲಿ, ಮತ್ತು ಸೂರಿನ ಕೊನೆಯ ಸಾಲಿನಲ್ಲಿ ಹಂಚಿನ ಅಲೆಯಡಿ.

ಒಡೆದ ಹಂಚು ಬದಲಿಸಿ. ನೆತ್ತಿಗೆ ಹೊಸ ಗಾರೆ ಹಾಕಿಸಿ. ಸೂರಿನ ಸಾಲಿಗೆ ಮತ್ತು ಅಟ್ಟದ ಗಾಳಿಕಿಂಡಿಗೆ 3 ಮಿ.ಮೀ. ಕಣ್ಣಿನ, ಅಥವಾ ಅದಕ್ಕಿಂತ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಹೊಡೆಯಿರಿ. ಸೊಳ್ಳೆಗೆ ಹಾಕುವ ನೈಲಾನ್ ಬಲೆ ಇಲ್ಲಿ ಪ್ರಯೋಜನಕ್ಕಿಲ್ಲ, ಕಿಡಿ ತಾಗಿದ ಕ್ಷಣ ತೂತಾಗುತ್ತದೆ. ತೀರಾ ಸಣ್ಣ ಕಣ್ಣಿನ ಜಾಲರಿ ಧೂಳು, ಜೇಡನ ಬಲೆಯಿಂದ ಕಟ್ಟಿಕೊಂಡು ಗಾಳಿಯಾಡುವುದು ನಿಲ್ಲುತ್ತದೆ, ಮಳೆಗಾಲದಲ್ಲಿ ಮರಕ್ಕೆ ಗೆದ್ದಲು, ಬೂಷ್ಟು ಹಿಡಿಯುತ್ತದೆ. ವರ್ಷಕ್ಕೆರಡು ಸಲ ಬ್ರಷ್ ಹಾಕಲೇಬೇಕು.

ಇನ್ನೊಂದು ಅಭ್ಯಾಸ ಈ ಕಡೆ ಎಲ್ಲೆಲ್ಲೂ ಇದೆ. ಸೋರುತ್ತದೆ ಎಂದು ಹಂಚಿನ ಅಡಿಗೆ ನೀಲಿ ಟಾರ್ಪಾಲು ಹಾಸುವುದು. ಮಳೆಗೆ ಸರಿ, ಬೆಂಕಿಗೆ ಇದರಷ್ಟು ಕೆಟ್ಟದ್ದು ಇಲ್ಲ. ಒಂದು ಕಿಡಿಗೆ ಕರಗಿ, ಉರಿಯುವ ಹನಿಯಾಗಿ ಮಲಗಿದವರ ಮೇಲೆ ತೊಟ್ಟಿಕ್ಕುತ್ತದೆ. ಥರ್ಮಾಕೋಲ್ ಮತ್ತು ಪಿವಿಸಿ ಸೀಲಿಂಗಿಗೂ ಹೆಚ್ಚುಕಡಿಮೆ ಇದೇ ಮಾತು. ಸೀಲಿಂಗ್ ಬೇಕೇ ಬೇಕೆಂದರೆ ಸಿಮೆಂಟ್ ಶೀಟು ಅಥವಾ ಕ್ಯಾಲ್ಸಿಯಂ ಸಿಲಿಕೇಟ್ ಬೋರ್ಡು ಹಾಕಿಸಿ. ಹಳೆಯ ಮರದ ಮುಚ್ಚಿಗೆ ಇರುವ ಬಂಗಲೆಗಳಲ್ಲಿ ಮುಚ್ಚಿಗೆ ಮೇಲೆ ಹತ್ತಿ ನೋಡಲು ಒಂದು ಕಿಂಡಿ ಬಾಗಿಲು ಇರಲೇಬೇಕು. ಅದಿಲ್ಲದೆ ಹೊಗೆ ಎಲ್ಲಿಂದ ಬರುತ್ತಿದೆ ಎಂದು ತಿಳಿಯಲು ಮುಚ್ಚಿಗೆ ಒಡೆಯಬೇಕಾಗುತ್ತದೆ, ಒಡೆದ ಕೂಡಲೇ ಗಾಳಿ ಸಿಕ್ಕಿ ಬೆಂಕಿ ಭುಗಿಲೇಳುತ್ತದೆ.

ಹಂಚಿನ ಮೇಲೆ ನಡೆಯುವಾಗ ನಡುವೆ ಕಾಲಿಡಬೇಡಿ. ಕೆಳಗೆ ರೀಪು ಇರುವ, ಒಂದರ ಮೇಲೊಂದು ಕೂತ ಕಡೆ ಮೆಟ್ಟಿ. ಅಡ್ಡಲಾಗಿ ಏಣಿ ಮಲಗಿಸಿಕೊಂಡು ಹೋದರೆ ಇನ್ನೂ ಕ್ಷೇಮ. ಪಾಚಿ ಒಣಗುವ ಮೊದಲು, ಅಂದರೆ ಡಿಸೆಂಬರ್‌ಗೆ ಮುಂಚೆ ಹತ್ತಬೇಡಿ.

ಮಾಡಿನ ಅಂಚಿನ ದಂಬೆ (ಮಳೆನೀರು ಹರಿಯುವ ದೋಣಿ) ಪಿವಿಸಿಯದಾಗಿದ್ದು ಅದರಲ್ಲಿ ಎಲೆ ತುಂಬಿದ್ದರೆ ಅದು ಸೂರಿನ ಉದ್ದಕ್ಕೂ ಕಟ್ಟಿದ ಪಂಜು. ತಗಡಿನದಕ್ಕೆ ಬದಲಿಸಿ, ಫೆಬ್ರವರಿಯಿಂದ ಮೇ ತನಕ ವಾರಕ್ಕೊಮ್ಮೆ ಬರಿದು ಮಾಡಿ. ಮಳೆಗಾಲಕ್ಕೆ ಮಾತ್ರ ಬೇಕಾದದ್ದಾದರೆ ಬೇಸಿಗೆಯಲ್ಲಿ ಬಿಚ್ಚಿಟ್ಟರೂ ನಷ್ಟವಿಲ್ಲ.

ಅಂಗಳ

ಗೋಡೆಯಿಂದ ಒಂದೂವರೆ ಮೀಟರ್ ಒಳಗೆ ಉರಿಯುವ ವಸ್ತು ಏನೂ ಇರಬಾರದು. ಜಲ್ಲಿ, ಮುರಕಲ್ಲು, ಬರಿ ನೆಲ, ಇಷ್ಟೇ. ಕರಾವಳಿಯವರಿಗೆ ಇದು ಕಷ್ಟ, ಯಾಕೆಂದರೆ ಸೂರಿನ ಅಡಿ ನಮಗೆ ಉಗ್ರಾಣ ಇದ್ದ ಹಾಗೆ: ಸೌದೆ, ಒಣ ಮಡಲು, ಅಡಿಕೆ ಹಾಳೆ, ತೆಂಗಿನ ಸಿಪ್ಪೆ, ಹಳೇ ಗೋಣಿ, ಎಲ್ಲವೂ ಮಳೆ ತಾಗದಂತೆ ಅಲ್ಲೇ. ಸೌದೆ ಕೊಟ್ಟಿಗೆಯನ್ನು ಕನಿಷ್ಠ 10 ಮೀಟರ್ ದೂರಕ್ಕೆ ಸಾಗಿಸಿ, ಇಳಿಜಾರಾದರೆ ಕಟ್ಟಡಕ್ಕಿಂತ ಕೆಳಗೆ ಬೇಡ, ಅಕ್ಕಪಕ್ಕದಲ್ಲೋ ಮೇಲೋ ಇರಲಿ. ಬೆಂಕಿ ಗುಡ್ಡ ಹತ್ತುವ ವೇಗ ಇಳಿಯುವಾಗ ಇರುವುದಿಲ್ಲ. ಇಳಿಜಾರು ಸುಮಾರು 10 ಡಿಗ್ರಿ ಹೆಚ್ಚಿದರೆ ವೇಗ ಇಮ್ಮಡಿ ಎಂಬುದು ಅಂದಾಜಿಗೆ ಸಾಕಾಗುವ ಲೆಕ್ಕ.

ಗೋಡೆಯ ಆ ಒಂದೂವರೆ ಮೀಟರ್ ದಾಟಿ ಒಂಬತ್ತು ಮೀಟರ್ ತನಕ ಹುಲ್ಲು 10 ಸೆಂ.ಮೀ.ಗಿಂತ ಎತ್ತರ ಬೆಳೆಯಬಾರದು, ತರಗೆಲೆ ವಾರಕ್ಕೊಮ್ಮೆ ಗುಡಿಸಬೇಕು, ಮಾಡಿನ ಮೇಲೆ ಚಾಚಿದ ಕೊಂಬೆಗೆ ಅನುಮತಿ ಪಡೆದು ಕತ್ತರಿ. ಆಚೆಗೆ 30 ಮೀಟರ್‌ವರೆಗೆ ಮರ ಮುಟ್ಟುವ ಅಗತ್ಯವಿಲ್ಲ. ಒಣಗಿ ನಿಂತ ಕಮ್ಯುನಿಸ್ಟ್ ಗಿಡ, ಲಂಟಾನ, ಮರಕ್ಕೆ ಹಬ್ಬಿದ ಒಣ ಬಳ್ಳಿ ತೆಗೆದರೆ ನೆಲದ ಬೆಂಕಿ ಮೇಲಕ್ಕೆ ಹತ್ತಲು ಏಣಿ ಸಿಗುವುದಿಲ್ಲ. ಕಟ್ಟಡದ ಕೆಳಗಡೆ ಮುಳಿಹುಲ್ಲಿನ ಇಳಿಜಾರಿದ್ದರೆ ಆ ಒಂದು ಬದಿಗೆ ಈ ಅಳತೆಗಳನ್ನು ಒಂದೂವರೆ ಪಾಲು ಮಾಡಿ. ಹೊರ ಅಂಚಿನಲ್ಲಿ 3 ಮೀಟರ್ ಅಗಲಕ್ಕೆ ಮಣ್ಣು ಕಾಣುವ ತನಕ ಕೆರೆದ ಗೆರೆ ಇರಲಿ. ಕತ್ತಿಯಲ್ಲಿ ಹುಲ್ಲು ಸವರಿ ಅಲ್ಲೇ ಬಿಟ್ಟುಹೋದರೆ ಅದು ಬೆಂಕಿ ರೇಖೆಯಲ್ಲ, ಬೆಂಕಿಗೆ ಹಾಸಿದ ಚಾಪೆ.

ಗುಡಿಸಿದ ಎಲೆಯನ್ನು ಸಂಜೆ ಸುಡುವ ಅಭ್ಯಾಸ ಪೂರ್ತಿ ನಿಲ್ಲಬೇಕು. ಹೊಂಡಕ್ಕೆ ಹಾಕಿ ನೀರು ಚಿಮುಕಿಸಿ ಗೊಬ್ಬರ ಮಾಡಿ. ಉದ್ಯಾನದೊಳಗಿನ ಕಟ್ಟಡ ಕಾಡಿನ ಬೆಂಕಿಗೆ ಬಲಿಯಾಗುವಷ್ಟೇ ಸುಲಭವಾಗಿ ಕಾಡಿಗೆ ಬೆಂಕಿ ಕೊಡಲೂಬಲ್ಲದು. ಬಚ್ಚಲು ಒಲೆಯ ಬೂದಿ ಇದಕ್ಕೆ ಮೊದಲ ಉದಾಹರಣೆ. ಮೇಲೆ ತಣ್ಣಗಿದ್ದರೂ ಬೂದಿಯೊಳಗಿನ ಕೆಂಡ ಎರಡು ಮೂರು ದಿನ ಜೀವ ಹಿಡಿದಿರುತ್ತದೆ. ಮುಚ್ಚಳವಿರುವ ತಗಡಿನ ಬಕೆಟ್ಟಿನಲ್ಲಿ ನಾಲ್ಕು ದಿನ ಇಟ್ಟು, ನೀರು ಹಾಕಿ ಕಲಸಿ, ಆಮೇಲೆ ಗಿಡದ ಬುಡಕ್ಕೆ.

ಒಳಗಿನ ಬೆಂಕಿ

ಅಡುಗೆಕೋಣೆಯಲ್ಲಿ ನೋಡಬೇಕಾದ್ದು ಕಡಿಮೆ, ಆದರೆ ಬಿಡದೆ ನೋಡಬೇಕು. ಗ್ಯಾಸಿನ ಕಿತ್ತಳೆ ಬಣ್ಣದ ಸುರಕ್ಷಾ ಟ್ಯೂಬಿನ ಮೇಲೆ ವರ್ಷ ಮುದ್ರಿಸಿರುತ್ತದೆ, 5 ವರ್ಷಕ್ಕೆ ಬದಲಿಸಿ. ಸಿಲಿಂಡರಿನ ಹಿಡಿಕೆಯ ಒಳಪಟ್ಟಿಯಲ್ಲಿ ಅಕ್ಷರ ಮತ್ತು ಇಸವಿ ಇರುತ್ತದೆ: ಎ ಎಂದರೆ ಮಾರ್ಚ್ ಕೊನೆ, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. ಆ ಗಡುವು ಮೀರಿದ್ದನ್ನು ಇಳಿಸಿಕೊಳ್ಳಬೇಡಿ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲಕ್ಕೆ ಇಳಿದು ತಗ್ಗಿನಲ್ಲಿ ನಿಲ್ಲುತ್ತದೆ. ಸಿಲಿಂಡರ್ ಇಟ್ಟ ಗೂಡಿನ ಕಿಂಡಿ ನೆಲಮಟ್ಟದಲ್ಲಿ ಇರಬೇಕು. ವಾಸನೆ ಬಂದರೆ ಸ್ವಿಚ್ ಹಾಕುವುದೂ ಬೇಡ, ಆರಿಸುವುದೂ ಬೇಡ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ತೆರೆದಿಟ್ಟು, ಹೊರಗೆ ಬಂದು 1906ಕ್ಕೆ ಕರೆ ಮಾಡಿ. ಮಳೆಗಾಲದಲ್ಲಿ ಹಸಿ ಸೌದೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸುವ ರೂಢಿ ಇರುವಲ್ಲಿ, ಆ ಅಟ್ಟ ಕಬ್ಬಿಣದ್ದಾಗಿರಲಿ, ರಾತ್ರಿ ಒಲೆ ಆರಿಸದೆ ಯಾರೂ ಮಲಗದಿರಲಿ.

ವೈರಿಂಗಿನಲ್ಲಿ ಅತಿಥಿಗಳ ಕೆಟಲ್ ದೊಡ್ಡ ತೊಂದರೆ. 1,500 ವ್ಯಾಟಿನ ಕೆಟಲ್ 230 ವೋಲ್ಟಿನಲ್ಲಿ ಆರೂವರೆ ಆಂಪಿಯರ್ ಎಳೆಯುತ್ತದೆ. ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಎರಡು ಹಾಕಿದರೆ 13. ಬೋರ್ಡು, ಅದರ ವೈರು ಎರಡೂ 6 ಆಂಪಿಯರಿನವು. ದೀಪಕ್ಕೆ 1.5 ಚದರ ಮಿ.ಮೀ. ತಂತಿ ಸಾಕು, 16 ಆಂಪಿಯರ್ ಸಾಕೆಟ್ಟಿಗೆ 2.5ಕ್ಕಿಂತ ಕಡಿಮೆ ಬೇಡ. ಪ್ರತಿ ಕಟ್ಟಡಕ್ಕೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್) ಹಾಕಿಸಿ. ಜೂನ್ ತಿಂಗಳಲ್ಲಿ ಅದು ಪದೇಪದೇ ಬೀಳಲು ಶುರುವಾಗುತ್ತದೆ, ಗೋಡೆಗೆ ಥಂಡಿ ಇಳಿದು ಎಲ್ಲೋ ಕರೆಂಟು ಸೋರುತ್ತಿರುತ್ತದೆ. ಆಗ ಹೊರದೀಪದ ಡಬ್ಬಿ, ಜಂಕ್ಷನ್ ಬಾಕ್ಸ್ ಒಂದೊಂದಾಗಿ ಬಿಡಿಸಿ ಹುಡುಕಬೇಕು. ಆಗುವುದು ಬೇರೆ: ಯಾರೋ ಬಂದು ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿ ಹೋಗುತ್ತಾರೆ, ಎಲ್ಲರಿಗೂ ಸಮಾಧಾನ. ತಪಾಸಣೆಗೆ ಹೋದಾಗ ಮೊದಲು ಅದರ ಟೆಸ್ಟ್ ಗುಂಡಿ ಒತ್ತಿ. ಬೀಳದಿದ್ದರೆ ಡಬ್ಬಿ ಬಿಚ್ಚಿ.

ಸೋಲಾರ್ ಬ್ಯಾಟರಿ ಇರುವ ಕ್ಯಾಂಪುಗಳಲ್ಲಿ ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ, ಇನ್ವರ್ಟರ್ ಪಕ್ಕದಲ್ಲಲ್ಲ. ನಡುವಿನ ತಂತಿಯನ್ನು ಇಲಿ ಕಡಿದರೆ ಕಾಪಾಡುವುದು ಆ ಫ್ಯೂಸ್ ಮಾತ್ರ. ಆ್ಯಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಅದು ಹಗುರ, ಹಾಗಾಗಿ ಇಲ್ಲಿ ಕಿಂಡಿ ಮೇಲ್ಗಡೆ ಬೇಕು. ಅದೇ ಕೋಣೆಯಲ್ಲಿ ಪೆಟ್ರೋಲ್ ಕ್ಯಾನು, ದೇವರ ದೀಪ ಎರಡೂ ಬೇಡ.

ಹೊಗೆ ಅಲಾರಂ ಹಾಕುವಾಗ ಹಂಚಿನ ಮನೆಗೆ ಕಾಂಕ್ರೀಟ್ ಮನೆಯ ಲೆಕ್ಕ ಹೊಂದುವುದಿಲ್ಲ. ಹೊಗೆ ಹಂಚಿನ ಸಂದಿಯಲ್ಲೇ ಹೊರಗೆ ಹೋಗುತ್ತದೆ, ನೆತ್ತಿಯಲ್ಲಿ ಹಾಕಿದ ಅಲಾರಂ ಸುಮ್ಮನಿರುತ್ತದೆ. ನೆತ್ತಿಯಿಂದ ಒಂದರಿಂದ ಮೂರು ಅಡಿ ಕೆಳಗೆ ಹಾಕಿ, ಹಾಸಿಗೆಯ ಹತ್ತಿರ ನಾಲ್ಕೈದು ಊದುಬತ್ತಿ ಹಚ್ಚಿ ಹೊಗೆ ಯಾವ ಕಡೆಗೆ ಹೋಗುತ್ತದೆ ನೋಡಿ, ಜಾಗ ಬದಲಿಸಿ. ಮಂಜು ಒಳನುಗ್ಗುವ ಜಗಲಿಯಲ್ಲಿ, ಅಡುಗೆಕೋಣೆಯಲ್ಲಿ ಹೊಗೆಯದರ ಬದಲು ಬಿಸಿಗೆ ಕೂಗುವುದನ್ನು ಹಾಕಿ. ಇಲ್ಲದಿದ್ದರೆ ಜುಲೈಯಲ್ಲಿ ದಿನಕ್ಕೆರಡು ಸಲ ಸುಮ್ಮನೆ ಕೂಗಿ, ಬ್ಯಾಟರಿ ಯಾರದೋ ಟಾರ್ಚಿಗೆ ಹೋಗಿರುತ್ತದೆ.

ಕಾಡುಪ್ರಾಣಿ, ಕಳ್ಳರ ಭಯಕ್ಕೆ ಕಿಟಕಿಗೆಲ್ಲ ಸರಳು, ಬಾಗಿಲಿಗೆ ಕಬ್ಬಿಣದ ಗ್ರಿಲ್, ಗ್ರಿಲ್ಲಿಗೆ ಬೀಗ, ಕೀಲಿ ಅಡುಗೆಯವರ ಸೊಂಟದಲ್ಲಿ. ಇದು ಉದ್ಯಾನದ ಕಟ್ಟಡಗಳಲ್ಲಿ ಎಲ್ಲಕ್ಕಿಂತ ಅಪಾಯದ ಸಂಗತಿ. ಮಲಗುವ ಪ್ರತಿ ಕೋಣೆಯ ಒಂದು ಕಿಟಕಿಯ ಸರಳಿನ ಚೌಕಟ್ಟಿಗೆ ಬಿಜಾಗರಿ ಹಾಕಿಸಿ, ಒಳಗಿನಿಂದ ಕೀಲಿಯಿಲ್ಲದೆ ತೆರೆಯುವ ಚಿಲಕ ಇರಲಿ. ಮುಖ್ಯ ಗ್ರಿಲ್ಲಿಗೂ ಒಳಗೆ ಚಿಲಕವೇ, ಬೀಗವಲ್ಲ.

ಕೆಂಪು ಬಾಟಲಿ

ನಂದಿಸುವ ಸಾಧನಗಳ ಆಯ್ಕೆ, ನಿರ್ವಹಣೆಗೆ ಐಎಸ್ 2190 ಎಂಬ ಭಾರತೀಯ ಮಾನಕ ಇದೆ. ಯಾವ ಮೂಲೆಯಿಂದಲೂ 15 ಮೀಟರ್ ನಡೆಯುವುದರೊಳಗೆ ಒಂದು ಸಿಗಬೇಕು. ನಮ್ಮ ಲೆಕ್ಕದಲ್ಲಿ ಚಿಕ್ಕ ಕ್ಯಾಂಪಿಗೂ ಎರಡು ಬೇಕು: ಅಡುಗೆಕೋಣೆಯ ಬಾಗಿಲಿನ ಹೊರಗೆ 6 ಕೆ.ಜಿ. ಎಬಿಸಿ ಪುಡಿಯದು (ಮರ, ಎಣ್ಣೆ, ಗ್ಯಾಸ್ ಮೂರೂ ಬಗೆಯ ಬೆಂಕಿಗೆ ಆಗುವಂಥದ್ದು), ಮಲಗುವ ಕಡೆ 9 ಲೀಟರ್ ನೀರಿನದು. ಎಲ್ಲ ಕಡೆ ಎಬಿಸಿಯೇ ತೂಗುಹಾಕುವುದು ಸುಲಭದ ದಾರಿ. ಆದರೆ ಪುಡಿ ಜ್ವಾಲೆ ಕೊಲ್ಲುತ್ತದೆ, ಮರವನ್ನು ತಣಿಸುವುದಿಲ್ಲ. ಪಕ್ಕಾಸಿನ ಒಳಗೆ ಕೂತ ಕೆಂಡ ಹತ್ತು ನಿಮಿಷ ಬಿಟ್ಟು ಮತ್ತೆ ಏಳುತ್ತದೆ. ಮರಕ್ಕೆ ನೀರೇ ಬೇಕು. ಕರೆಂಟು ಇರುವಲ್ಲಿ, ಎಣ್ಣೆ ಉರಿಯುವಲ್ಲಿ ಮಾತ್ರ ನೀರು ಬೇಡ.

ತಿಂಗಳಿಗೊಮ್ಮೆ ನೋಡುವ ಕ್ರಮ ಹೀಗೆ. ಗೇಜಿನ ಮುಳ್ಳು ಹಸಿರಿನಲ್ಲಿದೆಯೇ ನೋಡಿ, ಅಲ್ಲಿಗೇ ನಿಲ್ಲಿಸಬೇಡಿ. ಮುಳ್ಳು ಹೇಳುವುದು ಒತ್ತಡ ಇದೆ ಎಂದಷ್ಟೇ, ಪುಡಿ ಉದುರುದುರಾಗಿ ಇದೆ ಎಂದಲ್ಲ. ಘಾಟಿಯ ಥಂಡಿಗೆ, ಜೀಪಿನ ಕುಲುಕಾಟಕ್ಕೆ ಪುಡಿ ತಳದಲ್ಲಿ ಇಟ್ಟಿಗೆಯಂತೆ ಕೂರುತ್ತದೆ. ಬಾಟಲಿಯನ್ನು ಕೆಳಗಿಳಿಸಿ, ತಲೆಕೆಳಗೆ ಮಾಡಿ, ಕಿವಿಯ ಹತ್ತಿರ ಹಿಡಿಯಿರಿ. ಒಳಗೆ ಮರಳು ಜಾರಿದ ಸದ್ದು ಬಂದು ತೂಕ ಕೈಯಲ್ಲಿ ಸರಿದದ್ದು ಗೊತ್ತಾಗಬೇಕು. ಬಾರದಿದ್ದರೆ ರಬ್ಬರ್ ಸುತ್ತಿಗೆಯಿಂದ ತಳಕ್ಕೆ ಮೆಲ್ಲ ನಾಲ್ಕು ಬಡಿದು ಮತ್ತೆ ತಿರುಗಿಸಿ. ಆಗಲೂ ಸದ್ದಿಲ್ಲದಿದ್ದರೆ ಅದು ರೀಫಿಲ್ಲಿಗೆ. ನಂತರ ಹೋಸಿನ ಬಾಯಿಗೆ ಟಾರ್ಚ್ ಬಿಡಿ. ಕುಂಬಾರ ಹುಳುವಿಗೆ ಮಣ್ಣಿನ ಗೂಡು ಕಟ್ಟಲು ಈ ತೂತು ಬಹಳ ಇಷ್ಟ. ಗೂಡು ಕಟ್ಟಿದ ಬಾಟಲಿಯ ಹಿಡಿ ಅದುಮಿದರೆ ಬೇಕಾದ ಹೊತ್ತಿಗೆ ಏನೂ ಬರುವುದಿಲ್ಲ. ಬಾಯಿಗೆ ತೆಳು ಪ್ಲಾಸ್ಟಿಕ್ ಕಟ್ಟಿ ದಾರ ಸುತ್ತಿದರೆ ಹುಳು ಹೋಗದು, ಒತ್ತಡಕ್ಕೆ ಪ್ಲಾಸ್ಟಿಕ್ ಹರಿದೇ ಹೋಗುತ್ತದೆ. ಸಿಒ2 ಬಾಟಲಿಗೆ ಗೇಜು ಇರುವುದಿಲ್ಲ, ತೂಗಿಯೇ ತಿಳಿಯಬೇಕು. ಒಳಗಿನ ಅನಿಲ ಶೇ. 10ಕ್ಕಿಂತ ಹೆಚ್ಚು ಕಡಿಮೆಯಾಗಿದ್ದರೆ ತುಂಬಿಸಿ. ಒತ್ತಡ ಪರೀಕ್ಷೆ ನೀರು, ಪುಡಿಯದಕ್ಕೆ 3 ವರ್ಷಕ್ಕೊಮ್ಮೆ, ಸಿಒ2ಗೆ 5 ವರ್ಷಕ್ಕೊಮ್ಮೆ. ರೀಫಿಲ್ಲಿಗೆ ಮಂಗಳೂರಿಗೋ ಉಡುಪಿಗೋ ಕಳಿಸುವಾಗ ಎಲ್ಲವನ್ನೂ ಒಟ್ಟಿಗೆ ಕಳಿಸಿ ಕ್ಯಾಂಪ್ ಬರಿದು ಮಾಡಬೇಡಿ. ಅರ್ಧರ್ಧ ಕಳಿಸಿ.

ಆರು ಕೆ.ಜಿ. ಪುಡಿ ಮುಗಿಯಲು ಹೆಚ್ಚೆಂದರೆ 20 ಸೆಕೆಂಡ್. ಬಳಸಲು ಕಲಿಸುವಾಗ ಅವಧಿ ಮುಗಿದ ಬಾಟಲಿಯನ್ನು ಅಂಗಳದ ನಡುವೆ ನಿಜವಾಗಿ ಖಾಲಿ ಮಾಡಿಸಿ. ಪಿನ್ ಎಳೆ, ಬುಡಕ್ಕೆ ಗುರಿ ಇಡು, ಅದುಮು, ಅತ್ತಿತ್ತ ಆಡಿಸು. ಎರಡು ಮೀಟರ್ ದೂರದಲ್ಲಿ ನಿಂತು, ಹಿಂದೆ ಬಾಗಿಲು ಇರುವಂತೆ.

ನೀರು

ಅಗ್ನಿಶಾಮಕ ವಾಹನದ ಟ್ಯಾಂಕಿನಲ್ಲಿ ಸಾಮಾನ್ಯವಾಗಿ 4,500 ಲೀಟರ್ ಇರುತ್ತದೆ. 63 ಮಿ.ಮೀ. ಹೋಸಿನಲ್ಲಿ ನಿಮಿಷಕ್ಕೆ 450 ಲೀಟರ್ ಬಿಟ್ಟರೆ ಹತ್ತೇ ನಿಮಿಷ. ಹಾಗಾಗಿ ಅವರಿಗೆ ನೀರು ಕೊಡುವ ಜಾಗ ನೀವೇ ತಯಾರು ಮಾಡಿಡಬೇಕು: ಟ್ಯಾಂಕಿಗೆ 63 ಮಿ.ಮೀ. ಇನ್‌ಸ್ಟಂಟೇನಿಯಸ್ ಕಪ್ಲಿಂಗ್ (ಒತ್ತಿದ ಕೂಡಲೇ ಹೋಸ್ ಕೂರುವ ಜೋಡಣೆ), ವಾಹನ ತಿರುಗಲು ಜಾಗ, ದಾರಿಯಲ್ಲಿ ಬಾಣದ ಗುರುತು. ಕಪ್ಲಿಂಗ್ ಹೊಂದುತ್ತದೆಯೇ ಎಂದು ಠಾಣೆಯವರನ್ನು ಜನವರಿಯಲ್ಲಿ ಒಮ್ಮೆ ಕರೆಸಿ ಜೋಡಿಸಿಯೇ ನೋಡಬೇಕು. ಕಣ್ಣಂದಾಜು ಸಾಲದು.

ಅವರು ಬರುವ ತನಕ ಕೆಲಸಕ್ಕೆ ಬರುವುದು ನಮ್ಮ ಅಡಿಕೆ ತೋಟದ ಸಾಮಾನೇ. ಬೋರ್ಡೋ (ಮೈಲುತುತ್ತು, ಸುಣ್ಣದ ಮದ್ದು) ಹೊಡೆಯುವ ಎಚ್‌ಟಿಪಿ ಪಂಪ್, ಅಂದರೆ ಹೆಚ್ಚು ಒತ್ತಡದ ಸಿಂಪಡಣೆ ಪಂಪ್, ನಿಮಿಷಕ್ಕೆ ಅಂದಾಜು 20ರಿಂದ 30 ಲೀಟರ್ ಮಾತ್ರ ಕುಡಿಯುತ್ತದೆ, ಒತ್ತಡ ಮಾತ್ರ ಅಡಿಕೆ ಮರದ ತುದಿ ಮುಟ್ಟುವಷ್ಟು. 1,000 ಲೀಟರಿನ ಟ್ಯಾಂಕಿನಿಂದ ಅರ್ಧ ಗಂಟೆಗೂ ಹೆಚ್ಚು ಕೆಲಸ. ತೆಳು ಹೋಸ್, ಒಬ್ಬನೇ ಹೊತ್ತು ಮಾಡು ಸುತ್ತಬಹುದು. ಕಿಡಿ ಆರಿಸಲು, ಸೂರು ತೋಯಿಸಲು, ಅಂಗಳದ ಹುಲ್ಲಿನ ಬೆಂಕಿಗೆ ಇದಕ್ಕಿಂತ ಹೊಂದುವುದು ಸಿಗಲಿಕ್ಕಿಲ್ಲ. ಹೊತ್ತಿಕೊಂಡ ಮಾಡಿಗೆ ಇದು ಸಾಲದು, ಆ ಭ್ರಮೆ ಬೇಡ.

ತೊಂದರೆ ಇರುವುದು ಕ್ಯಾಲೆಂಡರಿನಲ್ಲಿ. ಬೋರ್ಡೋ ಸಿಂಪಡಣೆ ಮಳೆಗಾಲದ ಕೆಲಸ. ಆಮೇಲೆ ತೊಳೆಯದೆ ಇಟ್ಟ ಪಂಪಿನ ಫಿಲ್ಟರಿನಲ್ಲಿ, ನಾಝಲ್ ತೂತಿನಲ್ಲಿ ಮೈಲುತುತ್ತು, ಸುಣ್ಣ ಕಲ್ಲಾಗಿ ಕೂತಿರುತ್ತದೆ. ಮಾರ್ಚಿನಲ್ಲಿ ಹಗ್ಗ ಎಳೆದು ಚಾಲೂ ಮಾಡಿದರೆ ಎಂಜಿನ್ ಓಡುತ್ತದೆ, ನೀರು ಬರುವುದಿಲ್ಲ. ಡಿಸೆಂಬರಿನಲ್ಲೇ ನಾಝಲ್, ಫಿಲ್ಟರ್ ಬಿಚ್ಚಿ ವಿನೆಗರಿನಲ್ಲಿ ಒಂದು ರಾತ್ರಿ ನೆನೆಸಿ, ಬ್ರಷ್ ಹಾಕಿ, ಶುದ್ಧ ನೀರು ಹತ್ತು ನಿಮಿಷ ಹರಿಸಿ. ಪೆಟ್ರೋಲ್ ಹೊಸದು ಹಾಕಿ, ತಿಂಗಳಿಗೆರಡು ಸಲ ಓಡಿಸಿ. ಕರೆಂಟಿನ ಪಂಪ್ ಒಂದನ್ನೇ ನಂಬಿ ಕೂರಬೇಡಿ. ಬೆಂಕಿ ಬಂದಾಗ ಮೊದಲು ಮೈನ್ ಸ್ವಿಚ್ ಆರಿಸುತ್ತಾರೆ, ಪಂಪೂ ಅದರೊಟ್ಟಿಗೆ ನಿಲ್ಲುತ್ತದೆ. ಪಂಪಿನ ಲೈನು ಮೈನಿಗಿಂತ ಮೊದಲೇ ಕವಲೊಡೆದು ಬೇರೆ ಬ್ರೇಕರಿನಲ್ಲಿ ಇರಲಿ.

ಗುಡ್ಡದ ಮೇಲಿನ ಅಬ್ಬಿಯಿಂದ ಪೈಪಿನಲ್ಲಿ ನೀರು ಬರುವ ಕಡೆ ಪಂಪೇ ಬೇಡ. 10 ಮೀಟರ್ ಎತ್ತರಕ್ಕೆ ಸುಮಾರು ಒಂದು ಬಾರ್ ಒತ್ತಡ, 25 ಮೀಟರ್ ಮೇಲೆ 5,000 ಲೀಟರ್ ಟ್ಯಾಂಕ್ ಇದ್ದರೆ ತೋಟದ ಸ್ಪ್ರಿಂಕ್ಲರ್ ಚೆನ್ನಾಗಿ ತಿರುಗುತ್ತದೆ. ಆದರೆ ಕಪ್ಪು ಪೈಪನ್ನು ಹುಲ್ಲಿನ ಮೇಲೆ ಎಳೆದು ಬಿಟ್ಟಿದ್ದರೆ ಬೆಂಕಿ ಮೊದಲು ತಿನ್ನುವುದು ಅದನ್ನೇ. ಒಂದು ಅಡಿ ಆಳಕ್ಕೆ ಹೂಳಿ, ಕಾಡುಹಂದಿ ಅಗೆಯುವಲ್ಲಿ ಮೇಲೆ ಕಲ್ಲು ಹಾಸಿ. ಮಾಡಿನ ಮೇಲೆ ಆರು ಸ್ಪ್ರಿಂಕ್ಲರ್ ಕೂರಿಸಿ ತಲಾ 15 ಲೀಟರ್ ಎಂದರೂ ನಿಮಿಷಕ್ಕೆ 90, ಟ್ಯಾಂಕ್ 55 ನಿಮಿಷದಲ್ಲಿ ಬರಿದು. ಬೆಂಕಿ ಎದುರು ಗುಡ್ಡದಲ್ಲಿ ಕಂಡ ಕೂಡಲೇ ತಿರುಗಿಸಿದರೆ, ಅದು ಹತ್ತಿರ ಬರುವ ಹೊತ್ತಿಗೆ ನೀರಿಲ್ಲ. ಏಪ್ರಿಲ್ ಬಿಸಿಲಿಗೆ ಒದ್ದೆ ಹಂಚು ನೋಡನೋಡುತ್ತಲೇ ಒಣಗುತ್ತದೆ. ಕಿಡಿ ಬೀಳಲು ಶುರುವಾದ ಮೇಲೆ ಬಿಡಿ.

ಬೆಂಕಿ ಬಂದ ದಿನ

ಕಾಡಿನ ಬೆಂಕಿಯ ಉಪಗ್ರಹ ಎಚ್ಚರಿಕೆ ಭಾರತೀಯ ಅರಣ್ಯ ಸಮೀಕ್ಷೆಯಿಂದ ನೋಂದಾಯಿಸಿಕೊಂಡವರ ಮೊಬೈಲಿಗೆ ಬರುತ್ತದೆ, ನೋಂದಾಯಿಸಿ. ಅದರ ಒಂದು ಚುಕ್ಕೆ ಎಂದರೆ 375 ಮೀಟರಿನ ಚೌಕ, ನಿಮ್ಮ ಕಟ್ಟಡ ಆಚೆಯೋ ಈಚೆಯೋ ಅದು ಹೇಳುವುದಿಲ್ಲ. ಸಿಗ್ನಲ್ ಇಲ್ಲದ ಕ್ಯಾಂಪಿಗೆ ವೈರ್‌ಲೆಸ್ಸೇ ಗತಿ. ಮೊದಲ ಕರೆ 112 ಅಥವಾ 101, ಅರಣ್ಯ ಸಹಾಯವಾಣಿ 1926. ದಾರಿ ಹೇಳುವಾಗ ಊರಿನ ಹೆಸರಿನ ಜೊತೆ ಪುಸ್ತಕದಲ್ಲಿ ಬರೆದಿಟ್ಟ ಜಿಪಿಎಸ್ ಅಂಕಿ ಓದಿ.

ಕಿಟಕಿ, ಬಾಗಿಲು ಮುಚ್ಚಿ, ಬೀಗ ಹಾಕಬೇಡಿ. ಪರದೆ ಕಳಚಿ ತೆಗೆದಿಡಿ. ಸಿಲಿಂಡರ್ ಕಳಚಿ ಅಂಗಳದಾಚೆ ಬರಿ ನೆಲದಲ್ಲಿ ನೆಟ್ಟಗೆ ನಿಲ್ಲಿಸಿ. ಜಗಲಿಯ ಚಾಪೆ, ಕುರ್ಚಿ, ಪೊರಕೆ ಒಳಗೆ. ಅತಿಥಿಗಳನ್ನು ವಾಹನ ನಿಲ್ಲಿಸುವ ಜಲ್ಲಿ ನೆಲಕ್ಕೆ ಒಯ್ದು ತಲೆ ಎಣಿಸಿ, ದಾರಿ ತೆರೆದಿದ್ದರೆ ಆಗಲೇ ಕಳಿಸಿ. ಮಧ್ಯಾಹ್ನ ಕಡಲ ಗಾಳಿ ಬೀಸತೊಡಗಿದರೆ ಪಡುವಣ ಇಳಿಜಾರಿನ ಬೆಂಕಿ ಮೇಲಕ್ಕೆ ಓಡುತ್ತದೆ. ಬೆಳಿಗ್ಗೆ ಸಣ್ಣದಿತ್ತು ಎಂದು ಕಾಯುವುದು ತಪ್ಪು. ಒಳಗೆ ಹೊತ್ತಿದ ಬೆಂಕಿ ಮುಚ್ಚಿಗೆಗೆ ತಾಗಿದ್ದರೆ ಬಾಟಲಿ ಬಿಟ್ಟು, ಬಾಗಿಲು ಎಳೆದುಕೊಂಡು ಹೊರಗೆ ಬನ್ನಿ. ಮರದ ಮಾಡಿನ ಕೆಳಗೆ ಆಮೇಲೆ ಯಾರೂ ಹೋಗಬಾರದು, ಪಕ್ಕಾಸಿಗಿಂತ ಮೊದಲು ಹಂಚು ಮಳೆಯಂತೆ ಉದುರುತ್ತದೆ.

ಕಾಡಿನ ಬೆಂಕಿ ದಾಟಿಹೋದ ಮೇಲೆ ಜನ ಚಾ ಕುಡಿಯಲು ಕೂರುತ್ತಾರೆ. ಹೆಚ್ಚಿನ ಮಾಡುಗಳು ಹತ್ತಿಕೊಳ್ಳುವುದು ಆ ಹೊತ್ತಿನಲ್ಲೇ. ಒಬ್ಬರು ಅಟ್ಟಕ್ಕೆ, ಒಬ್ಬರು ಎಚ್‌ಟಿಪಿ ಹೋಸ್ ಹಿಡಿದು ಹೊರಗೆ. ಮೊದಲ ಮೂರು ಗಂಟೆ ಪ್ರತಿ 15 ನಿಮಿಷಕ್ಕೆ ಒಂದು ಸುತ್ತು, ಆಮೇಲೆ ಬೆಳಗಿನ ತನಕ ಗಂಟೆಗೊಂದು. ಅಟ್ಟದಲ್ಲಿ ಟಾರ್ಚ್ ಆರಿಸಿ ನೋಡಿ, ಕೆಂಡ ಕಣ್ಣಿಗೆ ಬೀಳುವುದು ಕತ್ತಲೆಯಲ್ಲಿ. ಕೈಯ ಹಿಂಬದಿಯನ್ನು ಪಕ್ಕಾಸಿನ ಹತ್ತಿರ ಹಿಡಿದರೆ ಒಳಗಿನ ಬಿಸಿ ತಿಳಿಯುತ್ತದೆ. ಮರುದಿನ ಸಂಜೆಯವರೆಗೆ ಅಲ್ಲೊಬ್ಬರು ಇರಲಿ.

ಪುಸ್ತಕದಲ್ಲಿ ಬರೆಯುವಾಗ ಯಾವ ಸಂದಿಯಲ್ಲಿ ಕಿಡಿ ಸಿಕ್ಕಿತು ಎಂದು ರೀಪಿನ ಸಾಲು ಎಣಿಸಿ ಬರೆಯಿರಿ, ಮುಂದಿನ ಡಿಸೆಂಬರಿನಲ್ಲಿ ಹಂಚು ತೆಗೆಯುವವನಿಗೆ ಅದು ಬೇಕು. ಮೇ ಕೊನೆಗೆ ಎಚ್‌ಟಿಪಿ ಪಂಪ್ ತೋಟಕ್ಕೆ ಮರಳುತ್ತದೆ. ಕೊಡುವಾಗ ಬೆಂಕಿ ಕೆಲಸಕ್ಕೆ ಬಳಸಿದ ನಾಝಲನ್ನು ಬಿಚ್ಚಿ, ಕಟ್ಟಡದ ಹೆಸರು ಬರೆದ ಡಬ್ಬಿಯಲ್ಲಿ ಹಾಕಿ, ಕೆಂಪು ಬಾಟಲಿಯ ಮೊಳೆಗೇ ತೂಗುಹಾಕಿ.